ಅಣ್ಣನ ಬೆರಳಿನ ಅಳತೆ

ಅಣ್ಣ ತೀರಿಕೊಂಡ ಮೇಲೆ ಕಡೇಚೂರಿನ ಅವನ ಬಾಡಿಗೆ ಖೋಲಿಯಿಂದ ನಾವು ಮನೆಗೆ ತಂದದ್ದು ಒಂದು ಟ್ರಂಕು, ಒಂದು ಗ್ಯಾಸ್ ಒಲೆ ಮತ್ತು ಅವನ ಗಿಟಾರು. ಕಾಮಾಲೆ ಹದಿನೈದೇ ದಿನದಲ್ಲಿ ಅವನನ್ನು ಮುಗಿಸಿತ್ತು. ಅಲ್ಲಿನ ಫ್ಯಾಕ್ಟರಿಯೊಂದರಲ್ಲಿ ಅವನಿಗೆ ಕೆಲಸವಿತ್ತು. ಪಕ್ಕದ ಖೋಲಿಯಲ್ಲಿದ್ದ ಜಾರ್ಖಂಡದ ಕೂಲಿಯೊಬ್ಬ ಅವನಿಗೆ ಗಿಟಾರ್ ಕಲಿಸಿದ್ದ. ರಜೆಗೆ ಶಹಾಪುರಕ್ಕೆ ಬರುವಾಗಲೆಲ್ಲ ಅಣ್ಣ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದ, ತಂಗಿಯಾದ ನನಗೂ ಕಲಿಸುತ್ತಿದ್ದ. ಅವನು ಎಲ್ಲ ತಂತಿಗಳನ್ನು ಒಟ್ಟಿಗೆ ಎಳೆಯುತ್ತಿರಲಿಲ್ಲ. ಬೆರಳ ತುದಿಗೆ ಉಗುರಿನ ಹಾಗೆ ತಗಡಿನ ಪಿಕ್ ಹಾಕಿಕೊಂಡು ಒಂದೊಂದೇ ತಂತಿಯನ್ನು ಮೀಟುತ್ತಿದ್ದ.

ಗಿಟಾರಿನ ಚೀಲವನ್ನು ತಿಂಗಳುಗಟ್ಟಲೆ ನಾನು ಮುಟ್ಟಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಶಾಲೆಯ ಉತ್ತರಪತ್ರಿಕೆ ತಿದ್ದಿ ಬೇಸರವಾಗಿ ಬಿಚ್ಚಿದೆ. ಒಳಜೇಬಿನಲ್ಲಿ ಸುಣ್ಣದ ಡಬ್ಬಿ, ಅದರೊಳಗೆ ಮೂರು ಪಿಕ್ಕುಗಳು. ಹಾಕಿಕೊಂಡೆ. ಎರಡು ಜೋಲುತ್ತಿದ್ದವು, ನಡುವಿನದು ಚಿವುಟಿತು. ಹಾಗೆಯೇ ಅವನು ಕಲಿಸಿದ ಒಂದು ಧಾಟಿಯನ್ನು ನುಡಿಸತೊಡಗಿದೆ.

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸಪ್ಪಳ ನಿಂತಿತು.

"ಯಪ್ಪಾ, ಯಾವಾಗ ಬಂದಿ? ಕೈಕಾಲು ತೊಳ್ಕೊ, ಬಿಸಿ ರೊಟ್ಟಿ ಹಾಕ್ತೀನಿ," ಎಂದಳು ಅವ್ವ.

ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ನನ್ನ ಮುಖ ನೋಡಿದಳು, ನನ್ನ ಬೆರಳು ನೋಡಿದಳು. ತಿರುಗಿ ಒಳಗೆ ಹೋದಳು. ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಪಡಸಾಲೆಯ ತನಕ ಬಂತು.

ಆ ಪಿಕ್ಕುಗಳನ್ನು ಈ ಮನೆಯಲ್ಲಿ ಮತ್ತೆ ಹಾಕಿಕೊಳ್ಳಬಾರದು ಎಂದುಕೊಂಡೆ. ಆದರೆ ಗಿಟಾರ್ ಬಿಡಲಾಗಲಿಲ್ಲ. ಬರಿಗೈಯಲ್ಲಿ ನುಡಿಸಿದರೆ ಬೆರಳ ತುದಿಗೆ ಬೊಬ್ಬೆ ಬರುತ್ತಿತ್ತು. ಉಗುರು ಬೆಳೆಸಿ ಮೀಟೋಣವೆಂದರೆ, ಸೀಮೆಸುಣ್ಣ ಹಿಡಿದು, ಅರಿವೆ ಒಗೆದು, ನನಗೆ ಉಗುರು ನಿಲ್ಲುತ್ತಿರಲಿಲ್ಲ.

ಯಾದಗಿರಿಯಲ್ಲಿ ತಬಲಾ, ಹಾರ್ಮೋನಿಯಂ ಮಾರುವ ಒಂದು ಅಂಗಡಿಯಿದೆ. ಅಲ್ಲಿನ ಮುದುಕರು ಎರಡು ಡಬ್ಬಿ ಹುಡುಕಿ ಪ್ಲಾಸ್ಟಿಕ್ ಪಿಕ್ಕುಗಳನ್ನು ಕೊಟ್ಟರು.

"ಸಡಿಲಾದ್ರ ಬಿಸಿ ನೀರಾಗ ಹಾಕಿ ಬಗ್ಗಸ್ರಿ ಟೀಚರ್," ಎಂದರು.

ಮೊದಲ ದಿನವೇ ಒಂದು ಹಾರಿ ಗಿಟಾರಿನ ಹೊಟ್ಟೆಯೊಳಗೆ ಬಿತ್ತು. ಬೋರಲು ಹಿಡಿದು ಅಲುಗಾಡಿಸಿ ತೆಗೆದೆ. ಬಿಸಿ ನೀರಿಗೆ ಹಾಕಿದ್ದು ಸುರುಟಿಕೊಂಡಿತು. ಮತ್ತೆ ಹೋದಾಗ ಅವರು ಸಿತಾರಿನವರು ಹಾಕುವ ತಂತಿಯ ಮಿಜ್ರಾಬ್ ತೋರಿಸಿದರು. ಅದು ಬೆರಳನ್ನು ಎಷ್ಟು ಬಿಗಿಯಿತೆಂದರೆ ತುದಿ ನೀಲಿಗಟ್ಟಿತು. ಆನ್‌ಲೈನಿನಲ್ಲಿ ತರಿಸಿದ ಹಿತ್ತಾಳೆಯವು ಉಗುರಿನ ಬದಿಯ ಚರ್ಮವನ್ನು ಕೊರೆದವು.

ಅಣ್ಣನ ಪಿಕ್ಕುಗಳನ್ನೇ ಇಕ್ಕಳದಿಂದ ತುಸು ಒತ್ತಿ, ನಡುವಿನದನ್ನು ತುಸು ಸಡಿಲಿಸಿದ್ದರೆ ಸಾಕಿತ್ತು. ಎರಡು ಸಲ ಇಕ್ಕಳ ಹಿಡಿದು ಕುಳಿತೆ. ಅವನ ಬೆರಳಿನ ಅಳತೆ ಈ ಲೋಕದಲ್ಲಿ ಆ ತಗಡಿನಲ್ಲಷ್ಟೇ ಉಳಿದಿತ್ತು. ಒತ್ತಲಿಲ್ಲ. ಆದರೆ ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿರುವಾಗ, ನಳದ ಕೆಳಗೆ ಕೊಡ ಹಿಡಿದು ನಿಂತಾಗ, ನಡುವಿನ ಬೆರಳನ್ನು ಅದು ಚಿವುಟಿದ ಹಾಗೆ ಆಗುತ್ತಿತ್ತು. ನೋಡಿದರೆ ಬೆರಳು ಬರಿದು. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಸುರಪುರದಿಂದ ಬರುವ ನಮ್ಮ ಶಾಲೆಯ ಹಿರಿಯ ಟೀಚರೊಬ್ಬರು ತಮ್ಮೂರಿನ ಪತ್ತಾರರ ವಿಷಯ ಹೇಳಿದರು. ಅವರು ಮಾಡಿದ ಕಾಲುಂಗುರ ಎಂದೂ ಚುಚ್ಚುವುದಿಲ್ಲವಂತೆ. ರಜೆಯ ದಿನ ಸುಣ್ಣದ ಡಬ್ಬಿ ತೆಗೆದುಕೊಂಡು ಹೋದೆ. ಮಾದರಿಗೆಂದು ಅಣ್ಣನ ಪಿಕ್ಕುಗಳನ್ನು ಅವರ ಹಲಗೆಯ ಮೇಲಿಟ್ಟೆ. ಪತ್ತಾರರು ಒಂದೊಂದನ್ನೇ ಬೆಳಕಿಗೆ ಹಿಡಿದು ತಿರುಗಿಸಿದರು. ನಡುವಿನದನ್ನು ಬಹಳ ಹೊತ್ತು ನೋಡಿದರು.

"ಇವು ಯಾರ್ವರಿ ಟೀಚರ್?"

"ನಮ್ಮಣ್ಣನವು."

"ಅವರಿಗೆ ಈ ಬೆರಳಿಗೆ ಉಗುರು ಇದ್ದಿದ್ದಿಲ್ಲೇನ್ರಿ?"

"ಇತ್ತಲ್ರಿ. ಯಾಕ?"

"ಒಳಗ ನೋಡ್ರಿ. ಮೆತ್ತನ್ನ ಚರ್ಮ ಕತ್ತರಿಸಿ ಅಂಟಿಸ್ಯಾರ. ತುದಿ ಕುಳ್ಳಗ ಮಾಡ್ಯಾರ. ಜಜ್ಜಿದ ಬೆರಳಿಗೆ ಮಾಡ್ಕೊಂಡದ್ದು ಇದು."

ಚರ್ಮದ ಆ ಚೂರನ್ನು ನಾನೂ ನೋಡಿದ್ದೆ. ಕೊಳೆ ಎಂದುಕೊಂಡಿದ್ದೆ.

ಪತ್ತಾರರು ಮೂರನ್ನೂ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರು. "ಇವು ಹಿಂಗೇ ಇರ್ಲಿ. ನಿಮಗ ಬ್ಯಾರೆ ಮಾಡ್ತೀನಿ. ಕೈ ಕೆಳಗ ಬಿಡ್ರಿ, ಬಿಸಲಾಗ ಬಂದೀರಿ, ಬೆರಳು ಉಬ್ಬಿರ್ತಾವ," ಎಂದರು. ನೀರು ಕೊಟ್ಟು ಕೂರಿಸಿ, ಆಮೇಲೆ ದಾರದಿಂದ ಮೂರೂ ಬೆರಳಿನ ಅಳತೆ ತೆಗೆದುಕೊಂಡರು.

ಸಂಜೆ ಮನೆಗೆ ಬಂದು ಅವ್ವನನ್ನು ಕೇಳಿದೆ. ಅವಳು ತೊಗರಿಬೇಳೆ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಗೊತ್ತಿತ್ತವ್ವಾ. ರೊಟ್ಟಿ ಮುರಿಯಾಗ ಆ ಬೆರಳು ಎತ್ತಿ ಹಿಡೀತಿದ್ದ. ಕೆಲಸದಾಗ ಎಲ್ಲೋ ಸಿಕ್ಕಿಸ್ಕೊಂಡಿರಬೇಕು. ಅವ ಹೇಳ್ಲಿಲ್ಲ, ನಾ ಕೇಳ್ಲಿಲ್ಲ."

"ನನಗ್ಯಾಕ ಕಾಣ್ಲಿಲ್ಲ?"

"ಊಟ ನಿನಗಿಂತ ಮೊದ್ಲೇ ಮುಗಸ್ತಿದ್ದ. ನೀ ಬಾಜೂಕ ಬಂದು ಕುಂತಿ ಅಂದ್ರ ಮೊದ್ಲು ಆ ತಗಡು ಹಾಕ್ಕೊಂತಿದ್ದ."

ನಾನು ಎಷ್ಟೋ ರಜೆಗಳಲ್ಲಿ ಅವನೆದುರು ಕುಳಿತು ಆ ಕೈಯನ್ನೇ ನೋಡುತ್ತ ಕಲಿತವಳು. ಯಾವ ಬೆರಳು ಯಾವ ತಂತಿಗೆ ಹೋಗುತ್ತದೆಂದು ಕಣ್ಣು ಮಿಟುಕಿಸದೆ ನೋಡಿದವಳು.

ಮುಂದಿನ ರಜೆಗೆ ಸುರಪುರಕ್ಕೆ ಹೋದಾಗ ಪಿಕ್ಕುಗಳು ಸಿದ್ಧವಾಗಿದ್ದವು. ತೆಳುವಾದ ಜರ್ಮನ್ ಸಿಲ್ವರ್ ತಗಡು. ಬೆರಳನ್ನು ಸುತ್ತುವ ಎರಡು ಕಿವಿಗಳು ಒಂದನ್ನೊಂದು ಮುಟ್ಟುತ್ತಿರಲಿಲ್ಲ. ಹಾಗಾಗಿ ಬೆರಳು ಉಬ್ಬಿದರೂ ಬಿಗಿಯುವುದಿಲ್ಲ. ಅಂಚನ್ನು ಅರದಿಂದ ಉಜ್ಜಿ ಹೊರಕ್ಕೆ ಮಡಿಸಿದ್ದರು. ತುದಿ ಮುಂದಕ್ಕೆ ಚಾಚದೆ ಬೆರಳಿನ ದುಂಡಿಗೆ ಹತ್ತಿಕೊಂಡು ಬಾಗಿತ್ತು.

"ಹಲಗಿ ಮ್ಯಾಲ ಬಡದು ನೋಡ್ರಿ. ನೋವಾದ್ರ ಈಗ್ಲೇ ಹೇಳ್ರಿ. ಹೆಣ್ಮಕ್ಕಳು ಚುಚ್ಚಿದ್ರೂ ಸಹಿಸ್ಕೊಂಡು ಕುಂದರ್ತೀರಿ, ನನಗ ಗೊತ್ತದ," ಎಂದರು.

ಉಂಗುರ ಬೆರಳಿನದು ತುಸು ಒತ್ತುತ್ತಿದೆ ಎಂದೆ. ಎರಡು ಸಲ ಬಿಚ್ಚಿ ಸರಿಮಾಡಿಕೊಟ್ಟರು.

ಆ ದಿನವೇ ಮನೆಯಲ್ಲಿ ನುಡಿಸಿದೆ. ಸ್ವಲ್ಪ ಹೊತ್ತಿನಲ್ಲೇ ಬೆರಳಿಗೆ ಏನಾದರೂ ಹಾಕಿಕೊಂಡಿದ್ದೇನೆ ಎಂಬುದೇ ಮರೆತುಹೋಯಿತು. ಸದ್ದು ಅಣ್ಣನದಕ್ಕಿಂತ ಮೆತ್ತಗಿತ್ತು. ಅವ್ವ ಯಾರನ್ನೂ ಕರೆಯಲಿಲ್ಲ. ಬಂದು ಬಾಗಿಲಿಗೆ ಒರಗಿ ಕುಳಿತಳು.

ಆಗ ನನಗೆ ಗೊತ್ತಾದದ್ದು ಇನ್ನೊಂದು. ಆ ಧಾಟಿಯಲ್ಲಿ ಒಂದು ಕಡೆ ನಡುವಿನ ಬೆರಳು ತೆಳುತಂತಿಗೆ ಹೋಗುವ ಮೊದಲು ಒಂದು ಗಳಿಗೆ ನಿಲ್ಲುತ್ತದೆ. ಅದು ಹಾಡಿನ ಚೆಂದ ಎಂದೇ ನಾನು ಕಲಿತಿದ್ದೆ. ಈಗ ತಿಳಿಯಿತು, ಅಣ್ಣ ಅಲ್ಲಿ ನೋವಿಗೆ ತಯಾರಾಗುತ್ತಿದ್ದ. ನನ್ನ ಬೆರಳಿಗೆ ನೋವಿರಲಿಲ್ಲ. ಮನಸ್ಸಿನಲ್ಲೇ ಎಣಿಸುತ್ತ, ನಿಲ್ಲದೆ ಸರಾಗ ನುಡಿಸಿದೆ.

"ಅದಲ್ಲವ್ವಾ," ಎಂದಳು ಅವ್ವ. "ಅವ ಅಲ್ಲಿ ತಡೀತಿದ್ದ."

"ಯಾಕ ತಡೀತಿದ್ದ ಗೊತ್ತದೇನು ನಿನಗ?"

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಗೊತ್ತದ. ಬಾರಸು."

ಮೊದಲಿನಿಂದ ಶುರುಮಾಡಿದೆ. ಆ ತಂತಿಯ ಹತ್ತಿರ ಬಂದಾಗ ನನ್ನ ಬೆರಳು, ನಾನು ಹೇಳುವ ಮೊದಲೇ, ತಾನಾಗಿ ನಿಂತಿತು.