ಮೊಟ್ಟೆ ತಿನ್ನುವ ಕರಿ ಹೇಂಟೆಗಳು

ನನಗೆ ಕೋಳಿ ಹೊಸದಲ್ಲ. ಹಿಪ್ಪರಗಿಗೆ ಸೊಸೆಯಾಗಿ ಬಂದಾಗಿನಿಂದ ಕುರಿಗಳ ಜೊತೆ ಕೋಳಿಯನ್ನೂ ಸಾಕಿದವಳು. ಶಾಲೆಗೆ ಹೋದದ್ದು ಎರಡೇ ವರ್ಷ. ಆದರೆ ಹೇಂಟೆಯ ನಡಿಗೆ ನೋಡಿ, ಇದು ಇವತ್ತು ಮೊಟ್ಟೆ ಇಡುತ್ತದೋ ನಾಳೆ ಇಡುತ್ತದೋ ಹೇಳುತ್ತಿದ್ದೆ. ಆ ಸೊಕ್ಕು ಇತ್ತು.

ಹೊಳೆಗೆ ಬ್ಯಾರೇಜು ಆಗಿ, ಸುತ್ತಲಿನ ಹೊಲವೆಲ್ಲ ಕಬ್ಬಾಗಿ, ಮಗ ಸಕ್ಕರೆ ಕಾರ್ಖಾನೆಯ ನೌಕರಿ ಹಿಡಿದ ಮೇಲೆ ನಮ್ಮ ಕುರಿಗಳು ಹೋದವು. ಕೋಳಿಗಳೂ ಒಂದೊಂದಾಗಿ ಮುಗಿದವು. ಆಗ ಹುನ್ನೂರಿನ ಬೀಗರು ತಮ್ಮ ಮಗಳಿಗೆಂದು, ಅಂದರೆ ನನ್ನ ಸೊಸೆಗೆಂದು, ಎಂಟು ಎಳೆ ಹೇಂಟೆಗಳನ್ನು ತಂದು ಬಿಟ್ಟರು. ಕಡಕ್‌ನಾಥ ಅಂತೆ. ದೂರದ ತಳಿ, ಸುಲಭಕ್ಕೆ ಸಿಗುವುದಿಲ್ಲವಂತೆ. ತಮ್ಮಲ್ಲಿದ್ದ ಹೇಂಟೆಯ ಮರಿಗಳನ್ನು ತಾವೇ ಸಾಕಿ, ಇನ್ನೇನು ಮೊದಲ ಮೊಟ್ಟೆ ಇಡಬೇಕು ಅನ್ನುವಾಗ ತಂದಿದ್ದರು. ಪುಕ್ಕ ಕಪ್ಪು, ಕಾಲು ಕಪ್ಪು, ಜುಟ್ಟು ಕಪ್ಪು, ಬಾಯಿ ತೆರೆದರೆ ನಾಲಿಗೆಯೂ ಕಪ್ಪು. ಒಲೆಯೊಳಗಿಂದ ಎಳೆದು ತೆಗೆದ ಹಾಗಿದ್ದವು. ನೋಡಿದೊಡನೆ ಹೇಸಿಕೆ ಬಂತು.

“ಇವೇನ ಕೋಳಿನೋ, ಕಾಗಿನೋ ಬೇ?” ಎಂದೆ.

“ಕಾಗಿ ಅಲ್ರಿ ಅತ್ತಿ. ನನ್ನ ಕೋಳಿ,” ಎಂದಳು ಸೊಸೆ.

ಮದುವೆಯಾಗಿ ಮೂರು ವರ್ಷಕ್ಕೆ ಆಕೆ ಈ ಮನೆಯಲ್ಲಿ ಏನನ್ನಾದರೂ ‘ನನ್ನದು’ ಅಂದದ್ದು ಅದೇ ಮೊದಲು.

ನಮ್ಮ ಕಡೆಯ ಕೋಳಿಗಳು ಹೊತ್ತು ಮುಳುಗಿದರೆ ತಾವೇ ಬಂದು ಬುಟ್ಟಿ ಸೇರುತ್ತವೆ. ಇವು ಬೇವಿನ ಗಿಡ ಹತ್ತಿ ಕೂರುತ್ತಿದ್ದವು. ಗಿಡದ ಕೆಳಗೆ ಮಗನ ಬೈಕು. ಒಂದು ದಿನ ಅವಸರದಲ್ಲಿ ಸೀಟು ಒರೆಸದೆ ಕುಳಿತು ಡ್ಯೂಟಿಗೆ ಹೋದವನು ಸಂಜೆ ಕೂಗುತ್ತಲೇ ಬಂದ. “ಯವ್ವಾ, ಬಿಳಿ ಪ್ಯಾಂಟ ಹಾಕ್ಕೊಂಡ ಹೋಗಿದ್ನಿ! ಫ್ಯಾಕ್ಟರಿ ಮಂದಿ ಎಲ್ಲಾ ನನ್ನ ಹಿಂದ ನಿಂತ ನಗಾಕತ್ತಿದ್ರು!”

ಅದಾದರೂ ತೊಳೆದರೆ ಹೋಗುತ್ತಿತ್ತು. ಒಂದರ ಹಿಂಭಾಗದ ಪುಕ್ಕವನ್ನು ಇನ್ನೊಂದು ಕಿತ್ತು ತಿನ್ನುತ್ತಿತ್ತು. ಹನಿ ರಕ್ತ ಕಂಡರೆ ಸಾಕು, ಏಳೂ ಕೂಡಿ ಅಲ್ಲಿಗೇ ಕೊಕ್ಕು ಹಾಕುತ್ತಿದ್ದವು. ಸೊಸೆ ಗಾಯಕ್ಕೆ ಅರಿಶಿನ ಹಚ್ಚಿ ಆ ಕೋಳಿಯನ್ನು ಬೇರೆ ಇಡುತ್ತಿದ್ದಳು. ನಾನು ಉಗುಳಿ ಒಳಗೆ ಹೋಗುತ್ತಿದ್ದೆ.

ಮೊಟ್ಟೆ ಶುರುವಾದವು. ನಿಂಬೆಹಣ್ಣಿನಷ್ಟು, ಕೆಲವಕ್ಕೆ ರಕ್ತದ ಗೆರೆ. ಕಬ್ಬಿನ ಒಣಗರಿಯ ರವದಿಯ ಮೇಲೆ, ಕಟ್ಟಿಗೆಯ ಸಂದಿಯಲ್ಲಿ, ಎಲ್ಲಿ ಬೇಕೋ ಅಲ್ಲಿ ಇಟ್ಟು ತಿರುಗಿ ನೋಡದೆ ಹೋಗುತ್ತಿದ್ದವು. ಕಾವಿಗೆ ಕೂರುವ ಲಕ್ಷಣ ಒಂದಕ್ಕೂ ಇಲ್ಲ. ಹೇಂಟೆಯಾಗಿ ಹುಟ್ಟಿ ಕಾವಿಗೆ ಕೂರದಿದ್ದರೆ ಹೇಗೆ? ಓಣಿಯ ಹುಂಜ ಹೇಗೂ ನಮ್ಮ ಅಂಗಳದಲ್ಲೇ ತಿರುಗುತ್ತಿತ್ತು. ನಾನು ಮರಳು ಹಾಕಿದ ಬುಟ್ಟಿಯಲ್ಲಿ ಐದು ಮೊಟ್ಟೆ ಇಟ್ಟೆ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಕಬ್ಬಿಣದ ಚೂರು, ಇದ್ದಿಲು ಇಟ್ಟೆ. ಎಲ್ಲಕ್ಕಿಂತ ದೊಡ್ಡ ಹೇಂಟೆಯನ್ನು ಹಿಡಿದು ಅದರ ಮೇಲೆ ಕೂರಿಸಿ, ಇನ್ನೊಂದು ಬುಟ್ಟಿ ಬೋರಲು ಹಾಕಿದೆ.

“ಅತ್ತಿ, ಈ ಜಾತಿ ಕಾವಿಗೆ ಕುಂದ್ರೂದಿಲ್ಲಂತ ನಮ್ಮಪ್ಪ ಹೇಳ್ಯಾನ್ರಿ.”

“ನಿಮ್ಮಪ್ಪಗ ಏನ ಗೊತ್ತೈತಿ? ನಾ ಕುಂದ್ರಸ್ತೇನಿ, ನೋಡ,” ಎಂದು ಬುಟ್ಟಿಯ ಮೇಲೆ ಕಲ್ಲು ಹೇರಿದೆ.

ಮರುದಿನ ಕಲ್ಲು ಎತ್ತಿದರೆ ಗಬ್ಬು ನಾತ. ಮೊಟ್ಟೆಗಳೆಲ್ಲ ಒಡೆದಿದ್ದವು. ಹೇಂಟೆಯ ಕಪ್ಪು ಮುಖಕ್ಕೆ ಹಳದಿ ಲೋಳೆ ಒಣಗಿ ಅಂಟಿತ್ತು. ಅದು ಹಾರಿ ಹೊರಗೆ ಬಂದದ್ದೇ ತಡ, ಉಳಿದ ಏಳೂ ಓಡಿ ಬಂದು ಅದರ ಕೊಕ್ಕನ್ನೇ ಕುಟುಕಿ ರುಚಿ ನೋಡಿದವು. ಅಂದಿನಿಂದ ಮೊಟ್ಟೆ ಉಳಿಯಲಿಲ್ಲ. ಇಟ್ಟು ಎದ್ದ ಹೇಂಟೆ ತಾನೇ ತಿರುಗಿ ಬಿಸಿ ಮೊಟ್ಟೆಯನ್ನು ಕುಕ್ಕಿ ಕುಡಿಯುತ್ತಿತ್ತು.

ಖಾಲಿ ಚಿಪ್ಪಿಗೆ ಖಾರದ ಪುಡಿ ಕಲಸಿ ತುಂಬಿ ಇಟ್ಟೆ. ಅವು ಅದನ್ನೂ ತಿಂದು, ಕೊಕ್ಕು ಒರೆಸಿಕೊಂಡು, ಇನ್ನೂ ಇದೆಯೇ ಎಂಬಂತೆ ನನ್ನ ಮುಖ ನೋಡಿದವು. ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡು ಕುಣಿದವಳು ನಾನು.

ಉರಿಗಣ್ಣಲ್ಲೇ ದೇವರ ಜಗಲಿಗೆ ಹೋಗಿ ಬೀರಪ್ಪನ ಅರಿಶಿನದ ಭಂಡಾರ ಮುಟ್ಟಿ ಆಣೆ ಮಾಡಿದೆ. “ಅಮಾಸಿ ದಿನ ಒಂದ ಕೋಳಿ ತತ್ತಿ ತಿಂದಿದ್ದ ಕಂಡ್ರೂ ಎಂಟೂ ಕೊಯ್ಸತೇನಿ.” ಅಮಾವಾಸ್ಯೆಗೆ ಹನ್ನೆರಡು ದಿನವಿತ್ತು. ಆ ದಿನ ಬೀಗರೂ ಬರುವವರಿದ್ದರು. ಕೊಯ್ದರೆ ಸೊಸೆಯ ಅಪ್ಪನ ಕಣ್ಣೆದುರೇ ಕೊಯ್ಯಬೇಕಾಗುತ್ತಿತ್ತು. ಸೊಸೆ ಅಳಲಿಲ್ಲ. ಗೋಡೆಗೆ ಒರಗಿ ಕೋಳಿಗಳನ್ನೇ ನೋಡುತ್ತ ಕುಳಿತಳು.

“ಹಿಂಗ ಕುಂತ್ರ ರೊಟ್ಟಿ ಬಡಿಯಾವ್ರ ಯಾರ ಬೇ?”

“ಒಂದ ಗಳಿಗಿ ತಡೀರಿ. ತತ್ತಿ ಇಡೂಕ್ಕಿಂತ ಮದಲ ಇವು ಕತ್ತಲಿ ಹುಡಕ್ತಾವ್ರಿ. ಮೂಲ್ಯಾಗ ತಲಿ ತೂರಸ್ತಾವು. ಬೆಳಕಿನ್ಯಾಗ ಇಟ್ರ ಉಳದವು ಬಂದ ಮುಕರ್ತಾವು.”

ನಲವತ್ತು ವರ್ಷ ಕೋಳಿ ಸಾಕಿದ ನಾನು ಅದನ್ನು ನೋಡಿರಲಿಲ್ಲ. ನಮ್ಮ ಕೋಳಿಗಳಿಗೆ ಬುಟ್ಟಿಯ ಕತ್ತಲೆ ಹೇಗೂ ಸಿಗುತ್ತಿತ್ತು, ನೋಡುವ ಪ್ರಮೇಯ ಬಂದಿರಲಿಲ್ಲ.

ಆಕೆ ಹಳೆಯ ಬುಟ್ಟಿಗಳನ್ನು ಅಡ್ಡ ಮಲಗಿಸಿ ಬಾಯಿಗೆ ಗೋಣಿತಟ್ಟು ಇಳಿಬಿಟ್ಟಳು. ಹೊಳೆಯಿಂದ ಮೊಟ್ಟೆಯಂಥ ಬಿಳಿ ಕಲ್ಲು ಆಯ್ದು ತಂದು ಒಳಗಿಟ್ಟಳು. ಮೊಟ್ಟೆಯ ಚಿಪ್ಪು ಗಟ್ಟಿಯಾಗಲೆಂದು ಕಪ್ಪೆಚಿಪ್ಪು ಕುಟ್ಟಿ ಜೋಳದ ನುಚ್ಚಿಗೆ ಬೆರೆಸಿದಳು. ಹೇಂಟೆಗಳು ಮೂರು ದಿನ ಕಲ್ಲು ಕುಕ್ಕಿ ಕೊಕ್ಕು ನೋಯಿಸಿಕೊಂಡು ಬೇಸತ್ತವು. ಯಾವುದಾದರೂ ಕೊಕ್ಕೊಕ್ಕೋ ಅಂದರೆ ಹಿಟ್ಟಿನ ಕೈಯಲ್ಲೇ ಎದ್ದು ಓಡಿ ಮೊಟ್ಟೆ ತೆಗೆಯುತ್ತಿದ್ದಳು. ದಿನಕ್ಕೆ ಎರಡು ಉಳಿದವು, ಆಮೇಲೆ ನಾಲ್ಕು.

ಅಮಾವಾಸ್ಯೆಯ ಮುಂಜಾನೆ ಬೀಗರು ಬಂದು ಅಂಗಳದಲ್ಲಿ ಚಹಾ ಕುಡಿಯುತ್ತಿದ್ದರು. ಬುಟ್ಟಿಗಳಲ್ಲಿ ಐದು ಮೊಟ್ಟೆ ಒಡೆಯದೆ ಉಳಿದಿದ್ದವು. ಸೊಸೆ ಉಸಿರು ಬಿಡುವಷ್ಟರಲ್ಲಿ ರವದಿಯ ರಾಶಿಯ ಹತ್ತಿರ ಸಪ್ಪಳವಾಯಿತು. ಆ ದೊಡ್ಡ ಹೇಂಟೆ ಮೊಟ್ಟೆ ಒಡೆದು, ಕುತ್ತಿಗೆ ಅಡ್ಡ ಹಾಕಿ ಕುಡಿಯುತ್ತಿತ್ತು. ಎಲ್ಲರೂ ಕಂಡೆವು. ಸೊಸೆಯ ಮುಖ ಬೂದಿಯಾಯಿತು.

“ಯವ್ವಾ, ಭಂಡಾರ ಮುಟ್ಟೀದಿ,” ಎಂದ ಮಗ. ಪ್ಯಾಂಟಿನ ಸಿಟ್ಟು ಇನ್ನೂ ಇತ್ತು.

“ಇವುಗಳ ತಾಯಿ ನಮ್ಮ ಮನ್ಯಾಗ ಒಂದ ದಿನಾನೂ ತತ್ತಿ ಒಡದಿಲ್ರಿ ಬೀಗ್ತಿ,” ಎಂದರು ಬೀಗರು. “ಇವಕ್ಕ ಯಾರ ಕಲಿಸಿದ್ರು ಇದನ್ನ?”

ಸೊಸೆ ನನ್ನ ಕಡೆ ನೋಡಿದಳು. ಹೇಳಬಹುದಿತ್ತು. ಹೇಳಲಿಲ್ಲ. ಆ ಲೋಳೆ ಸುರಿಯುವ ಕೊಕ್ಕಿಗಿಂತ ಆ ಮೌನ ನನಗೆ ಹೆಚ್ಚು ಹೇಸಿಕೆ ಹುಟ್ಟಿಸಿತು, ನನ್ನ ಮೇಲೆಯೇ.

“ನಾನ ಕಲಿಸೇನಿ,” ಎಂದೆ. “ಒಲ್ಲಂದ್ರೂ ಹಿಡದ ಬುಟ್ಟ್ಯಾಗ ತುರುಕಿ ಕಲ್ಲ ಹೇರಿದ್ನಿ. ಯಾವದನ್ನೂ ಕೊಯ್ಯೂದ ಬ್ಯಾಡ. ಬೀರಪ್ಪನ ಕೂಡ ನಾ ಮಾತಾಡ್ಕೋತೇನಿ.”

ಜಗಲಿಗೆ ಹೋಗಿ ಭಂಡಾರ ಹಣೆಗೆ ಹಚ್ಚಿಕೊಂಡು ತಪ್ಪಾಯಿತು ಅಂದೆ. ಹೊರಗೆ ಬಂದಾಗ ಸೊಸೆ ಆ ದೊಡ್ಡ ಹೇಂಟೆಯನ್ನು ಬೇರೆ ಕಟ್ಟಿ, ಕೊಕ್ಕು ಒರೆಸುತ್ತಿದ್ದಳು. ತಲೆ ಎತ್ತದೆ, ಅಪ್ಪನ ಎದುರಿಗೇ ಅಂದಳು: “ಅತ್ತಿ, ಇನ್ಮ್ಯಾಲ ನೀವು ಬುಟ್ಟಿ ಹಂತ್ಯಾಕ ಬರಬ್ಯಾಡ್ರಿ.”

ನನ್ನ ಮನೆಯಲ್ಲಿ, ನನಗೆ.

“ಆತು,” ಎಂದೆ.