ಹೆನ್ ಅಂದರೆ ಹೆಣ್ಣು

ನಾವು ಗಲ್ಫ್‌ನ ಫಿಂಟಾಸ್‌ ಊರಿನಲ್ಲಿದ್ದ ಆ ದಿನಗಳಲ್ಲಿ ಚಳಿಗಾಲ ಬಂತೆಂದರೆ ಕಟ್ಟಡದ ಮಕ್ಕಳೆಲ್ಲ ಸೀಮೆಸುಣ್ಣ ಹಿಡಿದು ಪಾರ್ಕಿಂಗ್ ಜಾಗಕ್ಕೆ ಇಳಿಯುತ್ತಿದ್ದೆವು. ಆಡುತ್ತಿದ್ದದ್ದು ಕುಂಟಾಬಿಲ್ಲೆ. ಬಿಲ್ಲೆ ನಮ್ಮ ಮೇಲಿನ ಮನೆಯ ಐಲ್ಸಾಳದು, ಮಣ್ಣು ತುಂಬಿದ ಬೂಟ್ ಪಾಲಿಶ್ ಡಬ್ಬಿ. ಆಡಿದ ಮೇಲೆ ಬೆರಳೆಲ್ಲ ಪಾಲಿಶ್ ವಾಸನೆ.

ಐಲ್ಸಾಳ ಅಪ್ಪ ಅಮ್ಮ ಇಬ್ಬರೂ ಸ್ಕಾಟ್ಲೆಂಡಿನವರು. ಆದರೆ ಅಮ್ಮನ ಊರು ಗ್ಲಾಸ್ಗೋ, ಅಪ್ಪನದು ಅಬರ್ಡೀನ್. ನಮ್ಮ ಆಟಕ್ಕೆ ಅಮ್ಮ ‘ಪೀವರ್’ ಅಂದರೆ ಅಪ್ಪ ‘ಬೆಡ್ಡೀಸ್’ ಅನ್ನುತ್ತಿದ್ದರು. ಮಗಳು ಅಮ್ಮನಿಗೆ ‘ಹೆನ್’, ಅಪ್ಪನಿಗೆ ‘ಕ್ವೈನ್’. ಎರಡೂ ಹುಡುಗಿ ಎಂದೇ. “ಹೆನ್ ಅನ್ನೋಕೆ ಅವಳೇನು ಕೋಳಿಯಾ?” ಎಂದು ಅಪ್ಪ ಕೆಣಕುವರು, ಅಮ್ಮ ಜಗಳಕ್ಕೆ ನಿಲ್ಲುವರು. ಐಲ್ಸಾ ನಡುವೆ ಕೂತು ಆಲೂಗಡ್ಡೆ, ಕೀಮಾ ತಿನ್ನುತ್ತಾ ನಗುವಳು.

ನನಗೆ ಹೊಟ್ಟೆಕಿಚ್ಚು. ನಮ್ಮ ಅಪ್ಪ ಕುಂದಾಪುರದವರು, ಅಮ್ಮ ಧಾರವಾಡದವರು. ತಮ್ಮೊಳಗೆ ಅವರು ತಂತಮ್ಮ ಊರಿನ ಕನ್ನಡದಲ್ಲಿ ಬೇಕಾದಷ್ಟು ಮಾತಾಡುತ್ತಿದ್ದರು. ನನ್ನ ಕಡೆ ತಿರುಗಿದರೆ ಮಾತ್ರ ಇಬ್ಬರದೂ ಒಂದೇ ಮಾತು: “ಬೇಬಿ, ಕಮ್.”

ಒಂದು ದಿನ ತಡೆಯಲಾರದೆ ಆ ಡಬ್ಬಿಯನ್ನು ಕಸದ ತೊಟ್ಟಿಗೆ ಎಸೆದೆ. ಐಲ್ಸಾ ಅತ್ತಳು. ಹೆದರಿ ನಾನೂ ಅತ್ತೆ. ಏನೂ ಅರಿಯದ ಅವಳ ಅಮ್ಮ ಓಡಿಬಂದು ನನ್ನ ಕಣ್ಣನ್ನೂ ಒರೆಸಿ, ನನ್ನನ್ನೂ “ಹೆನ್” ಎಂದರು.

ಮನೆಗೆ ಓಡಿ ಅಪ್ಪನ ಮುಂದೆ ನಿಂತೆ. “ಡ್ಯಾಡಿ, ಕಾಲ್ ಮಿ ಹೆನ್.”

ಅಪ್ಪನ ಮುಖ ಅರಳಿತು. “ಹ್ವಾಯ್, ಅದ್ ನಮ್ಮೂರ್ ಮಾತೇ ಅಲ್ದಾ! ಬಾ ಹೆಣ್ಣೇ, ಇಲ್ ಬಾ, ಕೂಕೋ.”

ಅಷ್ಟೂ ಅರ್ಥವಾಗಲಿಲ್ಲ, ಆದರೂ ಹೋಗಿ ತೊಡೆಯ ಮೇಲೆ ಕೂತೆ. ಅಡುಗೆಮನೆಯಿಂದ ಅಮ್ಮ ಇಣುಕಿದರು. “ಆಕಿಗೆ ಇಂಗ್ಲಿಷ್‌ನಾಗ ಹೇಳ್ರಿ. ಸಾಲ್ಯಾಗ ಹಿಂದ ಬೀಳ್ತಾಳ.”

“ಓಕೆ, ಬೇಬಿ,” ಎಂದು ಅಪ್ಪ ನನ್ನನ್ನು ಇಳಿಸಿದರು.

ಈಗ ನಾನು ಬರೆಯುತ್ತಿರುವ ಕನ್ನಡ ದೊಡ್ಡವಳಾದ ಮೇಲೆ ಪುಸ್ತಕದಿಂದ ಕಲಿತದ್ದು. ಅದಕ್ಕೆ ಊರಿಲ್ಲ. ಮೊನ್ನೆ ಐಲ್ಸಾ ಕಳಿಸಿದ ವಾಯ್ಸ್ ಮೆಸೇಜಿನಲ್ಲಿ, ಹಿಂದಿನಿಂದ ಅವಳ ಅಮ್ಮ “ಹೆನ್” ಎಂದು ಕೂಗಿದ್ದು ಕೇಳಿಸಿತು. ಈ ವಯಸ್ಸಿನಲ್ಲೂ ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಅಪ್ಪನಿಗೆ ಫೋನ್ ಮಾಡಿದೆ.

“ಹೌ ಆರ್ ಯೂ, ಬೇಬಿ?”

“ಚೆನ್ನಾಗಿದ್ದೇನೆ ಅಪ್ಪ. ನೀವು ಹೇಗಿದ್ದೀರಿ?”

“ವೆರಿ ಗುಡ್,” ಎಂದರು ಅಪ್ಪ. “ಯುವರ್ ಕನ್ನಡ ಈಸ್ ವೆರಿ ಗುಡ್.”