ಹಿಡಿ ಅಕ್ಕಿಗೆ ನಿಂತ ಲಾರಿ

ನಾನು ಕಟ್ಟಿದ ಸೀರೆಗಳ ಗಂಟನ್ನು ನೇಕಾರರ ಮನೆಯ ಅಜ್ಜಿಯೊಬ್ಬಳು ಮೂರನೆಯ ಸಲ ಬಿಚ್ಚಿದಾಗ ನನ್ನ ತಾಳ್ಮೆ ತಪ್ಪಿತು. ಎಪ್ಪತ್ತರ ದಶಕದ ಕೊನೆ. ಆಂಧ್ರದ ಕರಾವಳಿಯಲ್ಲಿ ಚಂಡಮಾರುತಕ್ಕೆ ಊರೂರೇ ಕೊಚ್ಚಿಹೋಗಿದ್ದವು. ಇಳಕಲ್ಲಿನ ನೇಕಾರರ ಓಣಿಯಲ್ಲಿ ಸೀರೆ ಕೂಡಿಸಿ ಕಳಿಸುವ ಕೆಲಸ ಶಿಕ್ಷಕಿಯಾದ ನನ್ನ ಹೆಗಲಿಗೆ ಬಿದ್ದಿತ್ತು. ಹೊರಗೆ ಲಾರಿಯವನು ಬಿಡದೆ ಹಾರ್ನ್ ಹೊಡೆಯುತ್ತಿದ್ದ. ಅಜ್ಜಿ ಮಾತ್ರ ಒಂದೊಂದೇ ಸೀರೆ ಬಿಡಿಸಿ, ಮುತ್ತೈದೆಯರಿಗೆ ಉಡಿ ತುಂಬುವ ಹಾಗೆ ಒಳಗೆ ಕುಪ್ಪಸದ ಖಣ, ಹಿಡಿ ಅಕ್ಕಿ, ಅರಿಶಿನ ಕೊಂಬು ಇಟ್ಟು ಮತ್ತೆ ಮಡಚುತ್ತಿದ್ದಳು. ಅಕ್ಕಿ ಚೆಲ್ಲುತ್ತದೆ, ಇಲಿ ಬರುತ್ತವೆ ಎಂದು ಹೇಳಿ ಹೇಳಿ ಸಾಕಾಗಿತ್ತು.

"ಆಯಿ, ಅಲ್ಲಿ ಎಷ್ಟೋ ಮಂದಿ ಗಂಡನ್ನ ಕಳಕೊಂಡಾರ. ಅಂಥವರಿಗೆ ಯಾರು ಉಡಿ ತುಂಬತಾರ?" ಎಂದು ಸಿಡುಕಿದೆ.

ಅವಳು ತಲೆ ಎತ್ತಲಿಲ್ಲ. "ಯಾರೂ ತುಂಬೂದಿಲ್ರಿ ಅಕ್ಕಾರ. ನನ್ನ ಗಂಡ ಹೋಗಿ ಇಪ್ಪತ್ತ ವರ್ಷ ಆತು, ನನಗ ಗೊತ್ತಿಲ್ಲೇನು? ಅದಕ್ಕ ಇಡಾಕತ್ತೇನಿ."

ಲಾರಿಯವನಿಗೆ ಇನ್ನಷ್ಟು ಹೊತ್ತು ನಿಲ್ಲಲು ಹೇಳಿ, ನಾನೂ ಅಕ್ಕಿಯ ಬುಟ್ಟಿಯ ಪಕ್ಕ ಕುಳಿತೆ.

ಸಂಜೆ ಮನೆಗೆ ಹೋದವಳೇ, ಅಪ್ಪ ಹೋದಾಗಿನಿಂದ ಯಾರೂ ಉಡಿ ತುಂಬದ ನನ್ನ ಅವ್ವನ ಸೆರಗಿಗೆ ಒಂದು ಖಣ, ಹಿಡಿ ಅಕ್ಕಿ ಹಾಕಿದೆ. ಹುಚ್ಚು ಹಿಡಿದಿದೆಯೇ ಎಂದು ಬೈದಳು. ಸೆರಗನ್ನು ಮಾತ್ರ ಕೊಡವಲಿಲ್ಲ.